ಬೀಜಕಣ ಉಬ್ಬಿಸಿದ್ರೂ ಸುತ್ತ ಪುಡಿಕಣ ಬರ್ತಿದೆ, ಎಲ್ಲಿ ತಪ್ತಿದೀನಿ?

ಮಂಡಕ್ಕಿ_ಮಿರ್ಚಿ (ದಾವಣಗೆರೆ):
ಎಂ.ಎಸ್ಸಿ. ಪ್ರಾಜೆಕ್ಟಿಗೆ ಮೈಮೇಲೆ ಎಪಾಕ್ಸಿ (ಬೇರೆ ಅಣು ಹಿಡಿದುಕೊಳ್ಳೋ ಗುಂಪು) ಇರೋ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಣ ಮಾಡ್ತಿದೀನಿ. 2 ಮೈಕ್ರಾನ್ ಬೀಜಕಣ (ಬೆಳೆಸೋಕೆ ಇಟ್ಟ ಸಣ್ಣ ಪಾಲಿಸ್ಟೈರೀನ್ ಕಣ) 1 ಗ್ರಾಂ, ಅದು ಹೀರಿ ಉಬ್ಬೋಕೆ ಸ್ಟೈರೀನ್ 6 ಗ್ರಾಂ, ಎಪಾಕ್ಸಿ ಕೊಡೋ ಗ್ಲಿಸಿಡಿಲ್ ಮೆಥಾಕ್ರಿಲೇಟ್ 1 ಗ್ರಾಂ, ಎಲ್ಲಾ ಒಟ್ಟಿಗೇ ಹಾಕಿದೆ. ನೀರಲ್ಲಿ ಎಸ್‌ಡಿಎಸ್ (ಸೋಪಿನಂಥದ್ದು) 1%, ಪಾಲಿಮರ್ ಸರಪಳಿ ಶುರು ಮಾಡೋಕೆ ಪೊಟ್ಯಾಸಿಯಂ ಪರ್‌ಸಲ್ಫೇಟ್, 70 ಡಿಗ್ರಿ, 12 ಗಂಟೆ. 4 ಮೈಕ್ರಾನ್ ಆಗ್ಬೇಕಿತ್ತು, 3ಕ್ಕೇ ನಿಂತಿದೆ. ಸುತ್ತ ಹಿಟ್ಟು ಉದುರಿಸಿದ ಹಾಗೆ ಸಣ್ಣ ಕಣ. ಮೂರು ಸಲ ಮಾಡಿದೆ, ಮೂರೂ ಸಲ ಇದೇ ಕತೆ. ಮಧ್ಯೆ ಕರೆಂಟ್ ಹೋಗಿ ಸ್ಟಿರರ್ ನಿಂತಿತ್ತು, ಅದಕ್ಕಾ ಸರ್?

ಕೋಟೆ_ಕೆಮಿಸ್ಟ್ (ಚಿತ್ರದುರ್ಗ):
ಸರ್ ಅಲ್ಲಪ್ಪ, ಮೇಡಂ. ಮೂರೂ ಸಲ ಕರೆಂಟ್ ಹೋಯ್ತಾ? ಇಲ್ಲ ಅಲ್ವಾ, ಹಾಗಾದ್ರೆ ಪಾಪ ಅದನ್ನ ಬಿಡಿ.

ಲೆಕ್ಕ ಹಾಕಿ ನೋಡಿ. ವ್ಯಾಸ ಒಂದೂವರೆ ಪಟ್ಟು ಅಂದ್ರೆ ಘನಗಾತ್ರ (ವಾಲ್ಯೂಮ್) ಸುಮಾರು 3.4 ಪಟ್ಟು. ನೀವು ಹಾಕಿದ 7 ಗ್ರಾಂನಲ್ಲಿ ಬೀಜಕ್ಕೆ ಸೇರಿದ್ದು 2.4 ಗ್ರಾಂ ಮಾತ್ರ. ಭತ್ತಕ್ಕೆ ಹಾಕಿದ ಗೊಬ್ಬರ ಕಳೆ ತಿಂದಿದೆ.

ಕಳೆ ಬೆಳೆಸಿದ್ದು ನೀವೇ. ಪರ್‌ಸಲ್ಫೇಟ್ ನೀರಲ್ಲಿ ಕರಗುತ್ತೆ, ಹಾಗಾಗಿ ಸರಪಳಿ ನೀರಲ್ಲೇ ಶುರುವಾಗುತ್ತೆ. ಎಸ್‌ಡಿಎಸ್ ಸುಮಾರು 0.24% ದಾಟಿದ್ರೆ ಮೈಸೆಲ್ (ಅದರ ಅಣುಗಳ ಪುಟ್ಟ ಗುಂಪು) ಕಟ್ಟುತ್ತೆ. ನಿಮ್ಮದು ಅದರ ನಾಲ್ಕು ಪಟ್ಟು. ಹೊಸ ಕಣಕ್ಕೆ ಮನೆ ಕಟ್ಟಿಕೊಟ್ಟ ಹಾಗಾಯ್ತು. ಎಸ್‌ಡಿಎಸ್ 0.2%ಕ್ಕಿಂತ ಕೆಳಗಿಡಿ, ಕಣ ಅಂಟದಂತೆ ಸ್ವಲ್ಪ ಪಾಲಿವಿನೈಲ್ ಆಲ್ಕೊಹಾಲ್ ಸೇರಿಸಿ. ಪರ್‌ಸಲ್ಫೇಟ್ ಬದಲು ಬೆಂಜಾಯ್ಲ್ ಪೆರಾಕ್ಸೈಡನ್ನ ಸ್ಟೈರೀನಲ್ಲೇ ಕರಗಿಸಿ (ಒಣಗಿಸೋದು, ಅರೆಯೋದು ಬೇಡ, ಸಿಡಿಯುತ್ತೆ). ಆ ಮಿಶ್ರಣವನ್ನ ನೀರಿನ ಜೊತೆ ಸೋನಿಕೇಟರಲ್ಲಿ (ಶಬ್ದತರಂಗದಿಂದ ಕಲಕೋ ಯಂತ್ರ) ಹಾಲಿನ ಹಾಗೆ ಮಾಡಿ ಬೀಜಕ್ಕೆ ಸೇರಿಸಿ, ಬಿಸಿ ಮಾಡದೆ ರಾತ್ರಿಯಿಡೀ ನಿಧಾನ ಕಲಕಿ. ಬೆಳಿಗ್ಗೆ ಮೈಕ್ರೋಸ್ಕೋಪಲ್ಲಿ ಬಿಡಿ ಹನಿ ಕಂಡ್ರೆ, ಬಿಸಿ ಮಾಡೋ ಮುಂಚೆ ಇನ್ನೂ ಕಾಯಿರಿ.

ಮಂಡಕ್ಕಿ_ಮಿರ್ಚಿ:
ಸಾರಿ ಮೇಡಂ! ಹಾಗೇ ಮಾಡಿದೆ, 3.8 ಬಂತು, ಪುಡಿ ತುಂಬಾ ಕಮ್ಮಿ. ಆದ್ರೆ ಎಪಾಕ್ಸಿಗೆ ಅಂಟಬೇಕಾದ ಅಮೀನ್ ಹಾಕಿದ್ರೆ ಅಷ್ಟಾಗಿ ಹಿಡೀತಿಲ್ಲ.

ಕೋಟೆ_ಕೆಮಿಸ್ಟ್:
ಗ್ಲಿಸಿಡಿಲ್ ಮೆಥಾಕ್ರಿಲೇಟ್ ಈಗಲೂ ಮೊದಲೇ ಹಾಕಿದ್ರಾ? ಹಾಗಿದ್ರೆ ಎಪಾಕ್ಸಿ ಕಣದೊಳಗೆ ಹೂತು ಹೋಗಿರುತ್ತೆ, ಅಮೀನ್ ಅಲ್ಲಿಗೆ ಹೇಗೆ ಹೋಗ್ಬೇಕು? ಸ್ಟೈರೀನ್ ಬಹುಪಾಲು ಮುಗಿದ ಮೇಲೆ ಹನಿಹನಿಯಾಗಿ ಬಿಡಿ. ಒಮ್ಮೆಗೇ ಸುರಿಯಬೇಡಿ, ಅದು ಸ್ಟೈರೀನ್‌ಗಿಂತ ಜಾಸ್ತಿ ನೀರಲ್ಲಿ ಕರಗುತ್ತೆ, ಮತ್ತೆ ಪುಡಿ ಶುರು. ನೀರಿಗೆ ಚಿಟಿಕೆ ಸೋಡಿಯಂ ನೈಟ್ರೈಟ್ ಹಾಕಿದ್ರೆ ಅಲ್ಲಿ ಸರಪಳಿ ಬೆಳೆಯಲ್ಲ.

ಮಂಡಕ್ಕಿ_ಮಿರ್ಚಿ:
ಆಯ್ತು ಮೇಡಂ. ಕೊನೆಗೆ ತೊಳೆಯೋಕೆ ಬೋರ್ ನೀರು ನಡೆಯುತ್ತಾ? ಡಿಸ್ಟಿಲ್ಡ್ ವಾಟರ್ ಖಾಲಿ.

ಕೋಟೆ_ಕೆಮಿಸ್ಟ್:
ಅಯ್ಯೋ, ಬೇಡವೇ ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಕಣಗಳನ್ನ ಗಂಟು ಕಟ್ಟಿಸುತ್ತೆ. ನಾಳೆ ಡಿಸ್ಟಿಲ್ಡ್ ವಾಟರ್ ಬಂದ ಮೇಲೇ ತೊಳೀರಿ.