ಪದಚರ್ಚೆ: ‘ಇಂಟರ್‌ಸೆಕ್ಷನಾಲಿಟಿ’ಗೆ ಏನನ್ನುವುದು? ಫಲಕ ನಾಳೆ ಅಚ್ಚಿಗೆ

ಎಸ್., ಬಸವನಗುಡಿ:
ಸ್ತ್ರೀವಾದದ ಧಾರೆಗಳ ಬಗ್ಗೆ ಕಾಲೇಜೊಂದರ ಪ್ರದರ್ಶನಕ್ಕೆ ಐದು ಫಲಕ. ನಾಳೆ ಬೆಳಿಗ್ಗೆ ಸನ್‌ಬೋರ್ಡಿಗೆ ಹೋಗುತ್ತದೆ. ಉದಾರವಾದಿ, ಸಮಾಜವಾದಿ, ದಲಿತ ಸ್ತ್ರೀವಾದ, ಇವಕ್ಕೆ ತಕರಾರಿಲ್ಲ. ಸಿಕ್ಕಿಕೊಂಡಿರುವುದು ‘ರ‍್ಯಾಡಿಕಲ್’ ಮತ್ತು ‘ಇಂಟರ್‌ಸೆಕ್ಷನಾಲಿಟಿ’. ಎರಡನೆಯದೆಂದರೆ ಜಾತಿ, ಜನಾಂಗ, ಲಿಂಗದ ತಾರತಮ್ಯಗಳು ಒಂದರೊಳಗೊಂದು ಬೆರೆತಿರುವುದು. ಕರಡಿನಲ್ಲಿ ‘ತೀವ್ರಗಾಮಿ ಸ್ತ್ರೀವಾದ’, ‘ಅಂತರ್‌ಛೇದೀಯತೆ’ ಎಂದಿದೆ. ತಲೆಬರಹ ಎರಡು ಅಡಿ ಅಗಲದಲ್ಲಿ ಒಂದೇ ಸಾಲಿಗೆ ಕೂರಬೇಕು. ನಡೆಯುತ್ತದೆಯೆ?

ಕೆ., ಮಲ್ಲೇಶ್ವರ:
ನಡೆಯುವುದಿಲ್ಲ. ‘ತೀವ್ರಗಾಮಿ’ ಅಂದರೆ ಪತ್ರಿಕೆ ಓದುವವರಿಗೆ ಬಂದೂಕು ನೆನಪಾಗುತ್ತದೆ. ‘ರ‍್ಯಾಡಿಕಲ್’ ಹುಟ್ಟಿದ್ದು ಲ್ಯಾಟಿನ್ನಿನ ‘ರಾಡಿಕ್ಸ್’ನಿಂದ, ಬೇರು ಎಂದರ್ಥ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಆ ಹೆಸರಿಟ್ಟುಕೊಂಡವರ ವಾದವೂ ಅದೇ: ಮತದಾನ, ಸಮಾನ ವೇತನ, ಕಾನೂನು ತಿದ್ದುಪಡಿ ಸಾಲದು; ದಬ್ಬಾಳಿಕೆಯ ಬೇರು ಮನೆ, ಮದುವೆ, ಕಾಮ, ಹೆರಿಗೆಯೊಳಗೆ ಇಳಿದಿದೆ. ‘ಖಾಸಗಿಯೂ ರಾಜಕೀಯವೇ’ ಎಂಬ ಘೋಷಣೆ ಆ ಬಳಗದ್ದು. ಪದ ಹೇಳುವುದು ಕಾಯಿಲೆಯ ಜಾಗವನ್ನು, ಆವೇಶದ ಮಟ್ಟವನ್ನಲ್ಲ. ‘ಮೂಲಗಾಮಿ’ ಎನ್ನಿ. ‘ಮೂಲಭೂತವಾದಿ’ ಅಂತ ಮಾತ್ರ ಬರೆಯಬೇಡಿ, ಫಂಡಮೆಂಟಲಿಸ್ಟ್ ಆಗಿಬಿಡುತ್ತದೆ.

ಜಿ., ವಿಜಯನಗರ:
‘ಮೂಲಗಾಮಿ’ಯೂ ಸಂಸ್ಕ್ರುತವೇ. ಬೇರು ಅನ್ನುವ ಪದ ಇರುವಾಗ ‘ಮೂಲ’ ಯಾಕೆ? ‘ಬೇರ‍್ಮಟ್ಟದ ಹೆಣ್ಪರತೆ’. ‘ಪೇಟ್ರಿಯಾರ್ಕಿ’ಗೆ ಎಲ್ಲರೂ ಬರೆಯುವ ‘ಪಿತ್ರುಪ್ರದಾನ’ದ ಬದಲು ‘ಗಂಡಾಳಿಕೆ’. ಇಂಟರ್‌ಸೆಕ್ಶನಾಲಿಟಿಗೆ ‘ಕೂಡುಕಟ್ಟು’. ಮುಗಿಯಿತು.

ಪಿ., ಜಯನಗರ:
ಮುಗಿಯಲಿಲ್ಲ ಸಾರ್. ‘ಕೂಡುಕಟ್ಟು’ ಕೇಳಿದರೆ ಅವಿಭಕ್ತ ಕುಟುಂಬ ಅನಿಸುತ್ತದೆ. ‘ಛೇದ’ವೂ ಬೇಡ, ಗಣಿತದ ಗಣಗಳಿಗೆ ಸರಿ, ಮಿಕ್ಕವರಿಗೆ ಕತ್ತರಿಸುವುದು ಎಂದೇ ಅರ್ಥ. ‘ಸಂಗಮ’ ಎಂದರೆ ಜನ ಪುಣ್ಯಸ್ನಾನಕ್ಕೆ ಹೊರಟಾರು.

1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಈ ಪದವನ್ನು ಮುಂದಿಟ್ಟಾಗ ಚರ್ಚಿಸಿದ ಮೊಕದ್ದಮೆಗಳಲ್ಲಿ ಜನರಲ್ ಮೋಟರ್ಸ್ ಮೇಲಿನದೂ ಒಂದು. ಕಪ್ಪು ಹೆಂಗಸರನ್ನು ಅಲ್ಲಿ ತಡವಾಗಿ ಸೇರಿಸಿಕೊಂಡಿದ್ದರು, ಹಾಗಾಗಿ ಸೇವಾ ಹಿರಿತನದ ಲೆಕ್ಕದಲ್ಲಿ ಮೊದಲು ಕೆಲಸ ಹೋದದ್ದೂ ಅವರದೇ. ಹೆಂಗಸರನ್ನು ಕಂಪನಿ ಮೊದಲಿನಿಂದ ಸೇರಿಸಿಕೊಂಡಿದೆ, ಆದ್ದರಿಂದ ಲಿಂಗಭೇದವಿಲ್ಲ ಎಂದಿತು ನ್ಯಾಯಾಲಯ. ಆ ಹೆಂಗಸರು ಬಿಳಿಯರು! ಜನಾಂಗಭೇದದ ದೂರಿದ್ದರೆ ಬೇರೆ ಮೊಕದ್ದಮೆಗೆ ಸೇರಿಕೊಳ್ಳಿ, ಎರಡನ್ನೂ ಬೆರೆಸಬೇಡಿ ಅಂದಿತು. ಬೆರೆತದ್ದೇ ಅವರ ದೂರು. ನಮ್ಮಲ್ಲೂ ಅಷ್ಟೇ, ಜಾತಿಯ ಪೆಟ್ಟು ಇಷ್ಟು, ಹೆಣ್ಣಾದ್ದಕ್ಕೆ ಇಷ್ಟು ಎಂದು ಕೂಡಿಸುವ ಲೆಕ್ಕವಲ್ಲ ಇದು. ‘ತಾರತಮ್ಯಗಳ ಹೆಣಿಗೆ’ ಎಂದರೆ ಹತ್ತಿರ ಬರುತ್ತದೆ.

‘ಗಂಡಾಳಿಕೆ’ ನನಗೂ ಹಿಡಿಸಿತು, ಕಾರಣ ಬೇರೆ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಇಳಿಯುತ್ತಿದ್ದುದು ಹೆಣ್ಣಿನ ಸಾಲಿನಲ್ಲಿ, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ಅಲ್ಲಿ ‘ಪಿತೃ’ ಎಲ್ಲಿ ಬಂದ?

ಕೆ., ಮಲ್ಲೇಶ್ವರ:
ಲೋಪಸಂಧಿ ಮಾಡಿ ನೋಡಿ: ಗಂಡು, ಗಂಡ ಎರಡೂ ‘ಗಂಡಾಳಿಕೆ’ಗೇ ಬಂದು ನಿಲ್ಲುತ್ತವೆ. ಓದುಗರು ಗಂಡನನ್ನೇ ಹಿಡಿಯುತ್ತಾರೆ. ಅಪ್ಪ, ಅಣ್ಣ, ಮಾವ, ಮಾಲೀಕ ಎಲ್ಲ ಪಾರು. ‘ಪುರುಷಾಧಿಪತ್ಯ’ ಸಾಕು.

ಆರ್., ಯಶವಂತಪುರ:
ಪದ ಯಾವುದೇ ಆಗಲಿ, ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಯುನಿಕೋಡಿಗೆ ತಿರುಗಿಸಿದ್ದರೆ ಅರ್ಕಾವೊತ್ತನ್ನೂ ಒತ್ತಕ್ಷರಗಳನ್ನೂ ಒಂದೊಂದಾಗಿ ನೋಡಿ, ಜಾಗ ತಪ್ಪಿರುತ್ತವೆ. ಸಾಲಿನಡಿ ಜಾಗ ಬಿಡದಿದ್ದರೆ ‘ಸ್ತ್ರೀ’ಯ ಒತ್ತು ಕತ್ತರಿಸಿಹೋಗುತ್ತದೆ. ಕಡತ ಪಿಡಿಎಫ್‌ನಲ್ಲೇ ಕೊಡಿ.

ಜಿ., ವಿಜಯನಗರ:
‘ಹೆಣ್ಣು’ ಅಂದಿದ್ದರೆ ಈ ಮೂರು ಅಂತಸ್ತಿನ ಒತ್ತೇ ಇರುತ್ತಿರಲಿಲ್ಲ.

ಕೆ., ಮಲ್ಲೇಶ್ವರ:
‘ಫೆಮಿನಿಸಂ’ ಅನ್ನು ಇಂಗ್ಲಿಷಿನವರು ಫ್ರೆಂಚಿನಿಂದ ಸಾಲ ತಂದರು. ಅವರ ಮಾನವೇನೂ ಹೋಗಲಿಲ್ಲ.

ಜಿ., ವಿಜಯನಗರ:
ಅವರು ಮನೆಯಲ್ಲಿರುವ ಪದವನ್ನು ಅಟ್ಟಕ್ಕೆ ಹಾಕಿ ಸಾಲ ತರಲಿಲ್ಲ. ನೀವು ತರುತ್ತೀರಿ.

ಎಸ್., ಬಸವನಗುಡಿ:
‘ಮೂಲಗಾಮಿ ಸ್ತ್ರೀವಾದ’, ‘ತಾರತಮ್ಯಗಳ ಹೆಣಿಗೆ’. ಎರಡನೆಯದರ ಕೆಳಗೆ ಸಣ್ಣಕ್ಷರದಲ್ಲಿ ‘ಇಂಟರ್‌ಸೆಕ್ಷನಾಲಿಟಿ’, ಕನ್ನಡ ಲಿಪಿಯಲ್ಲೇ. ಸಾಲದ ಜಗಳಕ್ಕೆ ದಯವಿಟ್ಟು ಬೇರೆ ಶೀರ್ಷಿಕೆ ಕೊಡಿ, ನನ್ನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿದೆ.