‘ದೇಶದ ಭದ್ರತೆ ಯಾರ ಕೈಲಿ?’ – ಸಮೀಕ್ಷೆಯಲ್ಲಿ ಇದನ್ನು ಕೇಳೋದು ಹೇಗೆ?

(ಚುನಾವಣಾ ಸಮೀಕ್ಷೆ ಬಗ್ಗೆ ನಾಲ್ವರ ಚರ್ಚೆ. ‘ಪ್ರಶ್ನಾವಳಿ’, ‘ಫೀಲ್ಡ್‌ವರ್ಕ್’, ‘ಅಂಕಿಅಂಶ’, ‘ಹಳೇಫೈಲು’ ಅನ್ನೋದು ಮಾತಾಡುವವರ ಹೆಸರು.)

ಪ್ರಶ್ನಾವಳಿ: ಮತದಾನಕ್ಕೆ ಐದು ವಾರ ಇರುವಾಗ 1,000 ಜನರನ್ನು ಮಾತಾಡಿಸುವ ಸಮೀಕ್ಷೆ. ಮೊದಲ ಪ್ರಶ್ನೆ, ‘ದೇಶದ ಭದ್ರತೆ ಯಾವ ನಾಯಕರ ಕೈಲಿ ಚೆನ್ನಾಗಿರುತ್ತೆ?’ ಮೂರನೆಯದು, ‘ನಿಮ್ಮ ಮತ ಯಾರಿಗೆ?’ ಎರಡರಲ್ಲೂ ಒಬ್ಬರೇ ಮುಂದಿದ್ದರೆ ‘ಭದ್ರತೆಯ ಮೇಲೇ ಮತ ಬೀಳ್ತಿದೆ’ ಅಂತ ವರದಿಯಲ್ಲಿ ಬರೀಬಹುದಾ?

ಫೀಲ್ಡ್‌ವರ್ಕ್: ಬರೆಯೋ ಹಾಗಿಲ್ಲ. ಭದ್ರತೆಯನ್ನು ನೀವೇ ನೆನಪಿಸಿ, ನಿಮಿಷ ಕಳೆಯೋದ್ರೊಳಗೆ ಮತ ಕೇಳಿದರೆ ಉತ್ತರ ಆ ಕಡೆಗೇ ವಾಲುತ್ತೆ. ಮತದ ಪ್ರಶ್ನೆ ಮೊದಲು ಬರಲಿ. ಆಮೇಲೆ ಯಾವ ಆಯ್ಕೆಯನ್ನೂ ಓದದೆ ‘ಈಗ ದೇಶಕ್ಕಿರುವ ಅತಿ ದೊಡ್ಡ ಸಮಸ್ಯೆ ಯಾವುದು?’ ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನಾಯಕರ ಹೋಲಿಕೆ ಕೊನೆಗೆ. ಅರ್ಧ ಫಾರಂಗಳಲ್ಲಿ ಹೆಸರುಗಳು ಅದಲುಬದಲಾಗಿರಲಿ. ‘ಇಬ್ಬರೂ ಅಷ್ಟೇ’ ಮತ್ತು ‘ಗೊತ್ತಿಲ್ಲ’ ಒಂದೇ ಖಾನೆಗೆ ಹೋಗಬಾರದು.

ಇನ್ನೊಂದು, ‘ಭದ್ರತೆ’ ಅನ್ನೋ ಪದವೇ ಎಡವಿಸುತ್ತೆ. ಒಬ್ಬರಿಗೆ ಅದು ಗಡಿ, ಇನ್ನೊಬ್ಬರಿಗೆ ರಾತ್ರಿ ಬೀದಿಯಲ್ಲಿ ಓಡಾಡೋದು, ಮತ್ತೊಬ್ಬರಿಗೆ ಕೆಲಸ ಉಳಿಯೋದು. ‘ಹೊರಗಿನ ದಾಳಿ, ಭಯೋತ್ಪಾದನೆ’ ಅಂತ ಬಿಡಿಸಿ ಕೇಳಿ.

ಅಂಕಿಅಂಶ: 1,000 ಜನರನ್ನು ಯಾದೃಚ್ಛಿಕವಾಗಿ ಆರಿಸಿದ್ದರೂ ಪ್ರತಿ ಅಂಕಿಯಲ್ಲಿ ಶೇ. 3ರಷ್ಟು ಆಚೀಚೆ ಆಗಬಹುದು (ಇಂಥ 100 ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ದೋಷ ಇಷ್ಟರೊಳಗೇ ಇರುತ್ತೆ ಅನ್ನೋ ಲೆಕ್ಕ). ಇಬ್ಬರ ನಡುವಿನ ಅಂತರಕ್ಕೆ ಈ ದೋಷ ಹೆಚ್ಚುಕಮ್ಮಿ ದುಪ್ಪಟ್ಟು. ಹಾಗಾಗಿ 46–42 ಬಂದರೆ ‘ಮುನ್ನಡೆ’ ಅನ್ನಬೇಡಿ. ಭದ್ರತೆಯೇ ದೊಡ್ಡ ಸಮಸ್ಯೆ ಅಂದವರು 120 ಜನ ಸಿಕ್ಕರು ಅನ್ನಿ, ಅವರೊಳಗಿನ ಲೆಕ್ಕದಲ್ಲಿ ಶೇ. 9ರಷ್ಟು ದೋಷ. ಅದರ ಮೇಲೆ ತಲೆಬರಹ ಕಟ್ಟೋದು ಮರಳಿನ ಮೇಲೆ ಮನೆ ಕಟ್ಟಿದ ಹಾಗೆ.

ಹಳೇಫೈಲು: ನಾಯಕರನ್ನು ಮೆಚ್ಚೋದೇ ಬೇರೆ, ಮತ ಹಾಕೋದೇ ಬೇರೆ. ಕೊಲ್ಲಿ ಯುದ್ಧ ಮುಗಿದಾಗ, 1991ರಲ್ಲಿ, ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್‌ಗೆ ಶೇ. 89 ಮೆಚ್ಚುಗೆ ಇತ್ತು. 1992ರ ನವೆಂಬರ್‌ನಲ್ಲಿ ಸೋತರು. ಅಷ್ಟರಲ್ಲಿ ಜನರ ಚಿಂತೆ ಆರ್ಥಿಕತೆಗೆ ಹೊರಳಿತ್ತು. ಕಾರ್ಗಿಲ್ ಆದಮೇಲೆ 1999ರಲ್ಲಿ ಬಿಜೆಪಿ ಗೆದ್ದದ್ದು 182 ಸ್ಥಾನ, 1998ರಲ್ಲೂ ಅಷ್ಟೇ. (1999ರಲ್ಲಿ ಸ್ಪರ್ಧಿಸಿದ ಕ್ಷೇತ್ರಗಳು ಕಡಿಮೆ, ಆದ್ದರಿಂದ ಯುದ್ಧದಿಂದ ಲಾಭವೇ ಆಗಲಿಲ್ಲ ಅಂತಲೂ ಹೇಳಕ್ಕಾಗಲ್ಲ.)

ಪ್ರಶ್ನಾವಳಿ: ಸಮೀಕ್ಷೆ ನಡೀತಿರುವಾಗಲೇ ದಾಳಿ ಏನಾದ್ರೂ ಆದರೆ?

ಫೀಲ್ಡ್‌ವರ್ಕ್: ಪ್ರತಿ ಫಾರಂ ಮೇಲೆ ದಿನಾಂಕದ ಜೊತೆ ಗಂಟೆಯೂ ಇರಲಿ. ಘಟನೆಗೆ ಮುಂಚಿನದು, ನಂತರದ್ದು ಬೇರೆ ಕಂತೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಯಾವ ದಿನದ ಅಭಿಪ್ರಾಯವೂ ಅಲ್ಲ. ಎರಡು ಕಂತೆಗಳ ವಯಸ್ಸು, ಊರು, ಲಿಂಗದ ಪ್ರಮಾಣ ಒಂದೇ ಥರ ಇದೆಯಾ ನೋಡಿ. ಮೊದಲ ಮೂರು ದಿನ ನಗರ, ಆಮೇಲೆ ಹಳ್ಳಿ ಅಂತ ಹೋಗಿದ್ದರೆ, ಬದಲಾಗಿದ್ದು ಮನಸ್ಸೋ ಊರೋ ಗೊತ್ತಾಗಲ್ಲ.