ಮಲೆನಾಡಿನ ಮಳೆಗಾಲಕ್ಕೆ ಪಿಕಪ್ಪಿನ ನೆಲಹಾಸು: ಯಾವ ಮ್ಯಾಟು ತಾಳುತ್ತದೆ?

ಮೂಡಿಗೆರೆ ತೋಟದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಮೂರು ವರ್ಷಗಳಿಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇಟ್ಟುಕೊಂಡಿದ್ದೇನೆ. ತೋಟದ ಕೆಲಸಕ್ಕೂ ಅದೇ, ಮನೆಯವರನ್ನು ಕರೆದುಕೊಂಡು ಉಜಿರೆಯ ಕಡೆ ಘಟ್ಟ ಇಳಿಯುವುದಕ್ಕೂ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಕಾಲಿನಲ್ಲಿ ಈ ಗಾಡಿ ಹತ್ತಿದ ದಿನ ಒಂದೂ ಇರುವುದಿಲ್ಲ. ಗಂಬೂಟಿನ ಕೆಸರು, ಪ್ಲಾಸ್ಟಿಕ್ ಕೊಪ್ಪೆಯಿಂದ ಸೋರುವ ನೀರು, ಗೊಬ್ಬರದ ಚೀಲ ಎತ್ತಿ ಬಂದವರ ಕಾಲಿಗೆ ಅಂಟಿದ ಯೂರಿಯಾ ಎಲ್ಲವೂ ಒಳಗೆ ಬರುತ್ತವೆ.

ಗಾಡಿ ತಂದ ಹೊಸತರಲ್ಲಿ ಅಂಗಡಿಯವರ ಮಾತು ಕೇಳಿ 7ಡಿ ಮ್ಯಾಟು ಹಾಕಿಸಿದೆ. ಮೇಲೆ ಚರ್ಮದಂಥ ಹೊದಿಕೆ, ಒಳಗೆ ಫೋಮು, ಅಂಚಿಗೆ ಹೊಲಿಗೆ ಇರುವ ಮಾದರಿ ಅದು. ನೋಡಲು ಚೆನ್ನಾಗಿಯೇ ಇತ್ತು. ಈ ವರ್ಷ ಪುಷ್ಯ ಮಳೆ ಹಿಡಿದಾಗ ಗಾಡಿಯೊಳಗೆ ಹಳೆಯ ಗೋಣಿಚೀಲದಂಥ ವಾಸನೆ ಶುರುವಾಯಿತು. ಏಸಿ ಶುಚಿ ಮಾಡಿಸಿದರೂ ಹೋಗಲಿಲ್ಲ. ಕೊನೆಗೊಂದು ದಿನ ಚಾಲಕನ ಬದಿಯ ಮ್ಯಾಟನ್ನು ಪೂರ್ತಿ ಎತ್ತಿದೆ. ಅದರ ಅಡಿಯ ಕಾರ್ಪೆಟ್ಟನ್ನು ಬೆರಳಿನಿಂದ ಒತ್ತಿದರೆ ನೆನೆದ ಪಾಚಿಯ ಹಾಗೆ ನೀರು ಉಕ್ಕುತ್ತಿತ್ತು, ಬೂದು ಬಣ್ಣದ ಬೂಷ್ಟು ಅಂಗೈಯಗಲ ಹರಡಿತ್ತು, ಮೂಲೆಯಲ್ಲಿ ಒಂದು ಇಂಬಳ ಜೀವಂತವಾಗಿ ಸುರುಟಿಕೊಂಡಿತ್ತು. ಸೀಟಿನ ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಕಂಡಾಗ ಮಾತ್ರ ನಿಜವಾಗಿ ಹೆದರಿಕೆಯಾಯಿತು.

ಈಗ ಹೊಸ ಮ್ಯಾಟು ತೆಗೆದುಕೊಳ್ಳಲೇಬೇಕು. ಟಿಪಿಇ (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ತಟ್ಟೆ, ಸಾದಾ ರಬ್ಬರು, ಇವಿಎ ಎಂಬ ಫೋಮು, ಪ್ಲಾಸ್ಟಿಕ್ ಸುರುಳಿಯ ಹುಲ್ಲುಮ್ಯಾಟು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಬೆಲೆಯೂ ಒಂದೂವರೆ ಸಾವಿರದಿಂದ ಹತ್ತು ಸಾವಿರದವರೆಗೆ ಏರಿಳಿಯುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲೇ ಇರುವ ಗಾಡಿಗೆ ಯಾವುದು ಸರಿ, ಮತ್ತು ಏಕೆ ಎಂದು ಬಳಸಿ ಬಲ್ಲವರು ತಿಳಿಸಬೇಕೆಂದು ವಿನಂತಿ.

ಹಾಸನದ ಫಿಟ್ಟರ್ ಉತ್ತರಿಸಿದ್ದು:

ಸ್ವಾಮಿ, ಮ್ಯಾಟು ಆಮೇಲೆ ನೋಡೋಣ, ಮೊದಲು ಗಾಡಿ ಒಣಗಬೇಕು. ಕಾರ್ಪೆಟ್ಟಿನ ಅಡಿಯಲ್ಲಿ ದಪ್ಪನೆಯ ಫೆಲ್ಟು ಇರುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದುಕೊಂಡಿರುತ್ತದೆ. ಮುಂದಿನ ಸೀಟು ಬಿಚ್ಚಿ, ಬಾಗಿಲ ಕೆಳಗಿನ ಪಟ್ಟಿ ತೆಗೆದು, ಕಾರ್ಪೆಟ್ಟನ್ನು ಎತ್ತಿಸಿ ಗಾಳಿಗೆ ಬಿಡಿಸಿ. ಬಾಗಿಲ ಪಟ್ಟಿಯ ಒಳಗೇ ವೈರಿನ ಕಟ್ಟು ಹಾದುಹೋಗುವುದರಿಂದ ಅಲ್ಲಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಬಂದಿದೆಯೇ ಎಂದೂ ನೋಡಿಸಿ. ಬೋಲ್ಟಿನ ಸುತ್ತಲಿನ ತುಕ್ಕನ್ನು ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಬಳಿಸಿದ ಮೇಲೆಯೇ ಮುಚ್ಚಬೇಕು. ಒದ್ದೆ ಕಾರ್ಪೆಟ್ಟಿನ ಮೇಲೆ ನೀರು ಬಿಡದ ಮ್ಯಾಟು ಹಾಕಿದರೆ ಕೆಳಗಿನ ನೀರು ಆರುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

7ಡಿ ಮ್ಯಾಟಿನ ದೋಷ ಅದರ ಹೊಲಿಗೆಯಲ್ಲಿದೆ. ಸೂಜಿ ಚುಚ್ಚಿದ ಒಂದೊಂದು ತೂತಿನಿಂದಲೂ ನೀರು ಫೋಮಿಗೆ ಇಳಿಯುತ್ತದೆ, ಅಲ್ಲಿಂದ ಹಿಂದಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕಚೇರಿಗೆ ಹೋಗಿ ಬರುವವರಿಗೆ ಅದು ಸಾಕು, ನಿಮ್ಮ ಕಡೆಗೆ ಹೇಳಿಸಿದ್ದಲ್ಲ. ಹುಲ್ಲುಮ್ಯಾಟು ಧೂಳಿನ ಊರಿಗೆ ಒಳ್ಳೆಯದು. ಮಲೆನಾಡಿನ ಜೇಡಿಕೆಸರು ಅದರ ಸುರುಳಿಗಳ ನಡುವೆ ಸೇರಿಕೊಂಡರೆ ಪಂಪಿನ ನೀರು ಹೊಡೆದರೂ ಬಿಡುವುದಿಲ್ಲ. ಇವಿಎ ಬಹಳ ಹಗುರ, ಅದರ ಜೇನುಗೂಡಿನಂಥ ಕುಳಿಗಳು ನೀರನ್ನೂ ಹಿಡಿಯುತ್ತವೆ. ಆದರೆ ಅದು ಮೆತ್ತಗಿನ ಫೋಮು, ಗಂಬೂಟಿನ ಹಿಮ್ಮಡಿ ಊರುವ ಜಾಗದಲ್ಲಿ ಬೇಗ ಸವೆದು ತೂತಾಗುತ್ತದೆ.

ಉಳಿಯುವುದು ರಬ್ಬರು, ಪಿವಿಸಿ, ಟಿಪಿಇ. ಒಳ್ಳೆಯ ರಬ್ಬರು ಭಾರವಾಗಿ ಕುಳಿತುಕೊಳ್ಳುತ್ತದೆ, ಬಾಳಿಕೆಯೂ ಇದೆ, ಆದರೆ ಹಾಳೆಯಂತೆ ಚಪ್ಪಟೆಯಾಗಿ ಬರುವುದೇ ಹೆಚ್ಚು, ಅಂಚು ಎದ್ದಿರುವುದಿಲ್ಲ. ಅಗ್ಗದ ಪಿವಿಸಿ ಬಿಸಿಲಿನಲ್ಲಿ ವಾಸನೆ ಬಿಡುತ್ತದೆ, ಕೆಲವು ವರ್ಷಗಳಲ್ಲಿ ಗಡುಸಾಗಿ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಟಿಪಿಇಯನ್ನು ನಿಮ್ಮ ಗಾಡಿಯ ನೆಲದ ಆಕಾರಕ್ಕೇ ಅಚ್ಚು ಹಾಕಿ, ಸುತ್ತ ಗೋಡೆ ಎಬ್ಬಿಸಿ ತಟ್ಟೆಯ ಹಾಗೆ ಮಾಡಿರುತ್ತಾರೆ. ನನ್ನ ಅನುಭವದಲ್ಲಿ ನಿಮಗೆ ಬೇಕಾದದ್ದು ಅದೇ. ಅಂಗಡಿಯಲ್ಲಿ ಒಂದು ಮೂಲೆಯನ್ನು ಹಿಡಿದು ಪೂರ್ತಿ ಹಿಂದಕ್ಕೆ ಮಡಚಿ ಬಿಡಿ: ಮಡಚಿದ ಗೆರೆ ಬೆಳ್ಳಗಾಗಿ ಹಾಗೆಯೇ ಉಳಿದರೆ ಅದರಲ್ಲಿ ಸುಣ್ಣದ ಪುಡಿಯಂಥ ಭರ್ತಿ ಜಾಸ್ತಿ ಇದೆ ಎಂದು ತಿಳಿದು, ಹೆಸರು ಏನೇ ಬರೆದಿದ್ದರೂ, ಬಿಟ್ಟು ಬನ್ನಿ.

ಬೆಂಗಳೂರಿನ ಹೈಲಕ್ಸ್ ಬಳಕೆದಾರ ಉತ್ತರಿಸಿದ್ದು:

ಮೇಲಿನ ಉತ್ತರದಲ್ಲಿ ವಸ್ತುವಿನ ವಿಚಾರ ಸರಿಯಾಗಿ ಬಂದಿದೆ. ನಾನು ಹೇಳಬೇಕೆಂದಿರುವುದು ಪೆಡಲಿನ ವಿಚಾರ. ಮ್ಯಾಟು ಕೊಳ್ಳುವವರು ಇದನ್ನು ಕೇಳುವುದೇ ಇಲ್ಲವೆಂಬುದು ನನಗೆ ಬಹಳ ಕಳವಳ ತರುತ್ತದೆ. ವೃತ್ತಿಯಿಂದ ನಾನು ಮೆಕ್ಯಾನಿಕಲ್ ಇಂಜಿನಿಯರು.

2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಟೊಯೊಟಾ ಕಂಪನಿಯದೇ ಆದ ಒಂದು ಲೆಕ್ಸಸ್ ಕಾರು ವೇಗ ತಗ್ಗಿಸಲಾಗದೆ ಅಪಘಾತಕ್ಕೀಡಾಗಿ ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ತನಿಖೆಯಲ್ಲಿ ಕಂಡುಬಂದದ್ದು, ಆ ಕಾರಿನಲ್ಲಿ ಬೇರೊಂದು ಮಾದರಿಗೆಂದು ಮಾಡಿದ ಸರ್ವಋತು ರಬ್ಬರ್ ಮ್ಯಾಟು ಹಾಕಲಾಗಿತ್ತು ಮತ್ತು ಆಕ್ಸಿಲರೇಟರ್ ಪೆಡಲು ಅದರ ಅಂಚಿಗೆ ಸಿಕ್ಕಿಕೊಂಡಿತ್ತು ಎಂಬುದು. ಅದರ ಮರುತಿಂಗಳು ಟೊಯೊಟಾ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಬದಿಯ ಮ್ಯಾಟು ತೆಗೆದಿಡಿ ಎಂದು ಸೂಚಿಸಬೇಕಾಯಿತು. ಆ ಪಟ್ಟಿಯಲ್ಲಿ ಟಕೋಮಾ ಮತ್ತು ಟಂಡ್ರಾ ಪಿಕಪ್ಪುಗಳೂ ಇದ್ದವು. ಗಡುಸಾದ, ಅಂಚು ದಪ್ಪವಿರುವ ಮ್ಯಾಟು ಸಡಿಲವಾಗಿ ಮುಂದಕ್ಕೆ ಜಾರಿದರೆ ಮೆತ್ತನೆಯ ಕಾರ್ಪೆಟ್ ಮ್ಯಾಟಿಗಿಂತ ಅಪಾಯಕಾರಿ, ಏಕೆಂದರೆ ಅದು ಪೆಡಲಿನ ಒತ್ತಡಕ್ಕೆ ಬಾಗಿ ದಾರಿ ಬಿಡುವುದಿಲ್ಲ.

ಆದ್ದರಿಂದ ನಿಮ್ಮ ಗಾಡಿಯ ನೆಲದಲ್ಲಿರುವ ಕೊಕ್ಕೆಗಳಿಗೆ ಸರಿಯಾಗಿ ಕೂರುವ ತೂತುಗಳಿಲ್ಲದ ಮ್ಯಾಟನ್ನು, ಎಷ್ಟೇ ಒಳ್ಳೆಯ ವಸ್ತುವಿನದಾದರೂ, ಚಾಲಕನ ಬದಿಗೆ ಹಾಕಬೇಡಿ. ಹಳೆಯ ಮ್ಯಾಟಿನ ಮೇಲೆ ಹೊಸದನ್ನು ಹಾಸಬೇಡಿ. ಹಾಕಿದ ಮೇಲೆ ಎಂಜಿನ್ ನಿಲ್ಲಿಸಿ, ಗಂಬೂಟನ್ನು ಧರಿಸಿಕೊಂಡೇ ಕುಳಿತು, ಆಕ್ಸಿಲರೇಟರನ್ನು ತಳದವರೆಗೆ ತುಳಿದು ಬಿಡಿ. ಪೆಡಲು ತಾನಾಗಿ ಮೇಲೆ ಬರಬೇಕು, ಬರುವಾಗ ಎಲ್ಲಿಯೂ ಮ್ಯಾಟಿಗೆ ತಾಕಬಾರದು. ಕ್ಲಚ್ಚಿಗೂ ಬ್ರೇಕಿಗೂ ಇದನ್ನೇ ಮಾಡಿ. ಬಳಿಕ ಮ್ಯಾಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ದೂಡಿ, ಅದು ಅಲುಗಿದರೆ ಅಂಗಡಿಗೆ ಹಿಂದಿರುಗಿಸಿ. ತೊಳೆದ ಮೇಲೆ ಹೊಳಪಿನ ದ್ರವ ಸವರುವ ಪದ್ಧತಿಯೊಂದಿದೆ. ಒದ್ದೆ ಬೂಟು ಅದರ ಮೇಲೆ ಎಣ್ಣೆ ಚೆಲ್ಲಿದಂತೆ ಜಾರುತ್ತದೆ, ದಯವಿಟ್ಟು ಅದನ್ನು ಮಾಡಿಸಬೇಡಿ.

ಇನ್ನೊಂದು ಲೆಕ್ಕ. ಚಾಲಕನ ಬದಿಯ ತಟ್ಟೆ 50 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ ಇದೆಯೆಂದುಕೊಳ್ಳಿ. ಒಂದು ಸೆಂ.ಮೀ. ಎತ್ತರದ ಗೋಡೆಯಿದ್ದರೆ ಸಮನೆಲದಲ್ಲಿ ಅದು ಮೂರು ಲೀಟರು ನೀರು ಹಿಡಿಯುತ್ತದೆ. ಆದರೆ ನೀವು ಚಾರ್ಮಾಡಿ ಘಟ್ಟ ಹತ್ತಿ ಇಳಿಯುವವರು. ಹತ್ತು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಆ 60 ಸೆಂ.ಮೀ. ಉದ್ದದ ಎರಡು ತುದಿಗಳ ನಡುವೆ ಆರು ಸೆಂ.ಮೀ. ವ್ಯತ್ಯಾಸವಾಗುತ್ತದೆ. ಹತ್ತುವಾಗ ನೀರೆಲ್ಲ ಸೀಟಿನ ಬದಿಗೆ, ಇಳಿಯುವಾಗ ಪೆಡಲಿನ ಬದಿಗೆ ಓಡಿ ಗೋಡೆ ದಾಟುತ್ತದೆ. ಹೀಗಾಗಿ ಹೊರಗೋಡೆಯ ಎತ್ತರ ಒಂದನ್ನೇ ನೋಡದೆ, ಒಳಗೆ ಅಡ್ಡಡ್ಡ ಬದುಗಳಿವೆಯೇ ಎಂದು ನೋಡಿ. ಗದ್ದೆಯ ಬದುವಿನ ಹಾಗೆಯೇ ಅವು ನೀರನ್ನು ಅಲ್ಲಲ್ಲೇ ತಡೆದು ನಿಲ್ಲಿಸುತ್ತವೆ.

ಮಿನೆಸೋಟ ಕನ್ನಡಿಗ ಉತ್ತರಿಸಿದ್ದು:

ನಾನು ಸಕಲೇಶಪುರದ ಕಡೆಯವನು. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ಫೋರ್ಡ್ ಎಫ್-150 ಓಡಿಸುತ್ತೇನೆ. ಇಲ್ಲಿ ನಮ್ಮ ಶತ್ರು ಉಪ್ಪು. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಸುರಿಯುತ್ತಾರೆ, ಚಳಿ ಹೆಚ್ಚಾದರೆ ಕ್ಯಾಲ್ಸಿಯಂ ಕ್ಲೋರೈಡನ್ನೂ ಬಳಸುತ್ತಾರೆ. ಅದು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವುದರಿಂದ ಒಮ್ಮೆ ಕಾರ್ಪೆಟ್ಟಿಗೆ ಇಳಿದರೆ ಅದು ಒಣಗುವುದೇ ಇಲ್ಲ. ನಿಮ್ಮ ಯೂರಿಯಾ ಕೂಡ ಇದೇ ಜಾತಿಯದು ಎಂಬುದನ್ನು ನೆನಪಿಡಿ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಅದು ನೀರೊಡೆಯುವುದನ್ನು ನೀವೇ ಕಂಡಿರುತ್ತೀರಿ.

2015ರ ಮಾದರಿಯಿಂದ ಎಫ್-150ರ ಮೈಯೆಲ್ಲ ಅಲ್ಯೂಮಿನಿಯಂ ಆದ್ದರಿಂದ ನೆಲಕ್ಕೆ ಕೆಂಪು ತುಕ್ಕಿನ ಭಯವಿಲ್ಲ. ಆದರೂ ಸೀಟಿನ ಬೋಲ್ಟು, ವೈರಿನ ಕನೆಕ್ಟರು ಉಳಿಯಬೇಕಲ್ಲ. ಇಲ್ಲಿ ವೆದರ್‌ಟೆಕ್, ಹಸ್ಕಿ ಲೈನರ್ಸ್ ಎಂಬ ಹೆಸರುಗಳು ಮನೆಮಾತು. ಅವನ್ನು ತರಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ: ಇಲ್ಲಿನ ಗಾಡಿಗಳ ಚಾಲಕ ಎಡಕ್ಕೆ ಕೂರುತ್ತಾನೆ, ನಿಮ್ಮ ವಿ-ಕ್ರಾಸ್ ಈ ದೇಶದಲ್ಲಿ ಮಾರಾಟವೇ ಇಲ್ಲ. ಎಡಬಲ ಬದಲಾದರೆ ಪೆಡಲಿನ ಜಾಗದ ಆಕಾರವೇ ಬದಲಾಗುತ್ತದೆ.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಲ್ಲಿ ಕಟ್ಟಡ ಕೆಲಸದವರು ಎಷ್ಟೋ ಮಂದಿ ಕಾರ್ಪೆಟ್ಟೇ ಇಲ್ಲದ, ವಿನೈಲ್ ನೆಲದ ಪಿಕಪ್ಪನ್ನೇ ಆರಿಸಿಕೊಳ್ಳುತ್ತಾರೆ. ಹೇಗೂ ಸೀಟು ಬಿಚ್ಚಿಸುತ್ತೀರಿ, ಕಾರ್ಪೆಟ್ಟನ್ನು ತೆಗೆದು ವಿನೈಲ್ ಹಾಸಿಸುವುದನ್ನೂ ಯೋಚಿಸಿ. ಸದ್ದು ಸ್ವಲ್ಪ ಹೆಚ್ಚಾಗುತ್ತದೆ, ಕಾಲಡಿಗೆ ಬಿಸಿಯೂ ತಟ್ಟಬಹುದು. ಆದರೆ ನೀರು ಕುಡಿಯುವ ಫೆಲ್ಟು ಇರುವವರೆಗೆ ನಿಮ್ಮ ಚಿಂತೆ ಪೂರ್ತಿ ತೀರುವುದಿಲ್ಲ.

ಹಾಸನದ ಫಿಟ್ಟರ್ ಮತ್ತೆ ಬರೆದದ್ದು:

ವಿನೈಲ್ ಮಾತು ಒಪ್ಪುತ್ತೇನೆ, ಆದರೆ ಮನೆಯವರೂ ಕೂರುವ ಗಾಡಿ ಎಂದಿದ್ದಾರೆ. ತೋಟಕ್ಕಷ್ಟೇ ಮೀಸಲಾದ ಬೊಲೆರೊ ಕ್ಯಾಂಪರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಯೂರಿಯಾ ಜೊತೆಗೆ, ಮೈಲುತುತ್ತಕ್ಕೆ ಸುಣ್ಣ ಬೆರೆಸಿ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ನೆನಪೂ ಇರಲಿ. ಸಿಂಪಡಣೆಯ ದಿನ ಮೈಲುತುತ್ತ ಕರಗಿಸಿದ ನೀರು ಬೂಟಿಗೆ ಅಂಟಿ ಗಾಡಿಯೊಳಗೆ ಬಂದರೆ ಅದು ಉಕ್ಕನ್ನು ಬಿಡುವುದಿಲ್ಲ.

ಮೂಡಿಗೆರೆ ತೋಟದವ ಮತ್ತೆ ಬರೆದದ್ದು:

ನಾಲ್ಕು ಉತ್ತರಗಳನ್ನೂ ಮನೆಯಲ್ಲಿ ಓದಿ ಹೇಳಿದೆ. ಬೋರ್ಡೋದ ಮಾತು ನನಗೆ ಥಟ್ಟನೆ ನಾಟಿತು. ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಕತ್ತಿಯ ಅಲಗನ್ನು ಅದ್ದುತ್ತೇವೆ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆ ಕತ್ತಿಗೆ ಆಗುವುದೇ ಗಾಡಿಯ ನೆಲದ ತಗಡಿಗೂ ಆಗುತ್ತದೆ ಎಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಸೀಟು ಬಿಚ್ಚಿಸಿ, ಕಾರ್ಪೆಟ್ಟನ್ನು ಕಾಫಿ ಗೋದಾಮಿನ ಅಟ್ಟದ ಮೇಲೆ ಫ್ಯಾನಿನ ಗಾಳಿಗೆ ಹರಡಿದೆ. ಫೆಲ್ಟು ಪೂರ್ತಿ ಆರಲು ಒಂಬತ್ತು ದಿನ ಹಿಡಿಯಿತು. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದುದರಿಂದ ಉಜ್ಜಿ ಬಣ್ಣ ಬಳಿಸಿದ್ದಾಯಿತು, ಕನೆಕ್ಟರುಗಳು ಪುಣ್ಯಕ್ಕೆ ಚೆನ್ನಾಗಿದ್ದವು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಅವರ ಕಾಲಿಗೆ ಬಿಸಿ ತಟ್ಟಬಾರದೆಂದು ಕಾರ್ಪೆಟ್ಟನ್ನು ಉಳಿಸಿಕೊಂಡೆ.

ಮ್ಯಾಟಿಗಾಗಿ ಚಿಕ್ಕಮಗಳೂರಿನಲ್ಲಿ ಮೂರು ಅಂಗಡಿ ತಿರುಗಿದೆ. ಮೊದಲನೆಯದರಲ್ಲಿ ತೋರಿಸಿದ್ದು ಮಡಚಿದ ಕೂಡಲೇ ಬೆಳ್ಳಗಾಯಿತು. ಎರಡನೆಯದು ಟಿಪಿಇಯೇ ಆಗಿತ್ತು, ಗೋಡೆಯೂ ಎತ್ತರವಿತ್ತು, ಆದರೆ ಕೊಕ್ಕೆಯ ತೂತು ಎರಡು ಬೆರಳು ಆಚೆಗೆ ಬಿದ್ದಿತ್ತು. ಅಲ್ಲೇ ಕೊರೆದುಕೊಡುತ್ತೇನೆ ಎಂದರು, ಆ ಲೆಕ್ಸಸ್ ಕಾರಿನ ವಿಷಯ ನೆನಪಾಗಿ ಬೇಡವೆಂದು ಹೊರಟೆ. ಮೂರನೆಯ ಅಂಗಡಿಯಲ್ಲಿ ವಿ-ಕ್ರಾಸಿಗೆಂದೇ ಅಚ್ಚು ಹಾಕಿದ, ಒಳಗೆ ಅಡ್ಡ ಬದುಗಳಿರುವ ತಟ್ಟೆ ಸಿಕ್ಕಿತು. ಹಿಂದಿನ ಸಾಲಿಗೆ ನಡುವಿನ ಉಬ್ಬನ್ನೂ ಮುಚ್ಚುವ ಒಂದೇ ತುಂಡಿನದನ್ನು ಆರಿಸಿದೆ, ಏಕೆಂದರೆ ಆಳುಗಳು ಕೂತಾಗ ನಡುವಿನವರ ಕಾಲು ಆ ಉಬ್ಬಿನ ಮೇಲೆಯೇ ಇರುತ್ತದೆ. ಗಂಬೂಟು ಹಾಕಿಕೊಂಡೇ ಅಂಗಡಿಯ ಮುಂದೆ ಪೆಡಲು ತುಳಿದು ನೋಡಿದೆ, ಮೂರೂ ತಾನಾಗಿ ಮೇಲೆ ಬಂದವು.

ಮೊನ್ನೆ ಆಶ್ಲೇಷ ಮಳೆಯಲ್ಲಿ ಉಜಿರೆಯಿಂದ ಘಟ್ಟ ಹತ್ತಿ ಮನೆಗೆ ಬಂದು ತಟ್ಟೆ ಎತ್ತಿದರೆ ಬದುಗಳ ನಡುವೆ ಕೆಂಪು ನೀರು ಸಾಲಾಗಿ ನಿಂತಿತ್ತು, ಕೆಳಗಿನ ಕಾರ್ಪೆಟ್ಟು ಒಣಗಿಯೇ ಇತ್ತು. ಪ್ರತಿ ಶನಿವಾರ ಸಂಜೆ ಎತ್ತಿ, ತೊಳೆದು, ರಾತ್ರಿಯಿಡೀ ಕೊಟ್ಟಿಗೆಯ ಗೋಡೆಗೆ ಒರಗಿಸಿಡುವುದೆಂದು ಮಾಡಿದ್ದೇನೆ. ಇಂಬಳಗಳಿಗಾಗಿ ಅಂಚಿನ ಕೆಳಗೆ ಒಣ ಹೊಗೆಸೊಪ್ಪಿನ ಚೂರು ಇಡಬೇಕೆನ್ನುತ್ತಾರೆ ನಮ್ಮ ತೋಟದ ಲೆಕ್ಕ ಬರೆಯುವ ರೈಟರು. ಅದನ್ನೂ ಇಟ್ಟು ನೋಡಿ ಈ ಮಳೆಗಾಲ ಮುಗಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.